70 ಎಂಎಂ ಫ್ಯಾನ್, ಭಾವನ ತಕ್ಕಡಿ ಮತ್ತು ನನ್ನ ಮಿಗ್-21

ಶಿವಮೊಗ್ಗದಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಕಾಯಿಲ್ ವಾಸನೆ ಕುಡಿದೇ ಇಪ್ಪತ್ತು ವರ್ಷ ಆಯ್ತು. ಡಬ್ಬದ ಮೇಲೆ ಏನೇ ಬರೆದಿರಲಿ, ಮೋಟಾರನ್ನು ಕೈಯಲ್ಲಿ ತಿರುಗಿಸಿ ನೋಡದೆ ನಂಬುವವನಲ್ಲ. ರಿಮೋಟ್‌ನಲ್ಲಿ ಹಾರಿಸುವ ನನ್ನ ಪುಟ್ಟ ಮಾದರಿ ವಿಮಾನಕ್ಕೆ ಅಂತ ಆನ್‌ಲೈನ್‌ನಲ್ಲಿ ತರಿಸಿದ 12 ಬ್ಲೇಡಿನ 70 ಎಂಎಂ ಇಡಿಎಫ್, ಅಂದರೆ ಕೊಳವೆಯೊಳಗೆ ತಿರುಗುವ ಎಲೆಕ್ಟ್ರಿಕ್ ಫ್ಯಾನ್, ಈಗ 22 ಸಲ ಹಾರಿದೆ. ಇನ್ನು ಅದರ ಬಗ್ಗೆ ಬರೆಯಬಹುದು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆಯ ಹಳೆಯ ಯುದ್ಧವಿಮಾನ ಮಿಗ್-21ಕ್ಕೆ ವಿದಾಯ ಹೇಳಿದರಲ್ಲ, ಅದನ್ನು ಟೀವಿಯಲ್ಲಿ ನೋಡಿದ ರಾತ್ರಿಯೇ ಅದರ ಮಾದರಿಗೆ ನಕ್ಷೆ ಬಿಡಿಸಲು ಕೂತೆ. ತೇಜಸ್ ಮಾಡು ಅಂತ ಮಗಳ ಹಟ. ಆದರೆ ತೇಜಸ್‌ಗೆ ಗಾಳಿ ಎರಡು ಪಕ್ಕದಿಂದ ಬಂದು ಒಳಗೆ ಒಂದಾಗಬೇಕು. ಆ ಕವಲು ಕೊಳವೆಯನ್ನು ನುಣ್ಣಗೆ ಮಾಡುವುದು ನನ್ನ ಕೈಲಿ ಆಗದ ಮಾತು. ಮಿಗ್-21ಕ್ಕೆ ಮೂತಿಯೇ ಬಾಯಿ. ಮಾದರಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದೇ ನೇರ ಕೊಳವೆ ಸಾಕು. ನಿಜವಾದದ್ದರ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್. ನನ್ನದು ಹತ್ತರಲ್ಲಿ ಒಂದು ಪಾಲು, 71 ಸೆಂಟಿಮೀಟರ್ ಚಿಲ್ಲರೆ.

ಸೀಮೆಎಣ್ಣೆ ಕುಡಿಯುವ ಪುಟ್ಟ ಟರ್ಬೈನ್ ಎಂಜಿನ್‌ಗಳೂ ಇವೆ. ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು, ಬೆಲೆಯೂ ಲಕ್ಷದ ಲೆಕ್ಕದಲ್ಲೇ. ದುಡ್ಡಿದ್ದರೂ ನಾನು ತರುತ್ತಿರಲಿಲ್ಲ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಊರ ಹತ್ತಿರ ಹಾರಿಸುವುದನ್ನು ಬಿಟ್ಟಿದ್ದೇವೆ. ತೀರ್ಥಹಳ್ಳಿ ಕಡೆ, ಹೆಂಡತಿಯ ತವರುಮನೆ ಗದ್ದೆಯೇ ನಮ್ಮ ಮೈದಾನ. ಕೊಯ್ಲು ಮುಗಿದ ಮೇಲೆ ಸುತ್ತ ಒಣ ಕೂಳೆ, ಪಕ್ಕದಲ್ಲೇ ಹುಲ್ಲಿನ ಬಣವೆ. ಕಾದ ಎಂಜಿನ್ ಅಲ್ಲಿ ಬಿದ್ದರೆ ವಿಮಾನ ಹೋಗುವುದು ಹಾಗಿರಲಿ, ಬಣವೆಗೆ ಭಾವನಿಗೆ ಯಾರು ಉತ್ತರ ಹೇಳುವುದು?

ಇನ್ನು ಫ್ಯಾನ್ ವಿಷಯ. ನನಗೆ 6,200 ರೂಪಾಯಿ ಬಿತ್ತು. ಬೇರಿಂಗ್ ಚೆನ್ನಾಗಿದೆ, ಕೈಯಲ್ಲಿ ತಿರುಗಿಸಿದರೆ ಎಲ್ಲೂ ಕರಕರ ಇಲ್ಲ. ವೈಂಡಿಂಗ್ ಅಚ್ಚುಕಟ್ಟು, ನಾನೇ ಸುತ್ತಿದ್ದರೂ ಇಷ್ಟು ಒತ್ತಾಗಿ ಬರುತ್ತಿರಲಿಲ್ಲ. ಡಬ್ಬದ ಮೇಲೆ 2200 ಕೆವಿ ಅಂತಿದೆ. ಅದು ಕಿಲೋವೋಲ್ಟ್ ಅಲ್ಲ, ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ನನ್ನ ಹಳೆಯ 5 ಬ್ಲೇಡಿನ ಫ್ಯಾನ್ ಮಿಕ್ಸಿಯಲ್ಲಿ ಚಟ್ನಿ ಅರೆದ ಹಾಗೆ ಕಿರುಚುತ್ತಿತ್ತು. ಇದರದ್ದು ಹುಸ್ಸ್ ಅಂತ ತುಂಬಿದ ದನಿ. "ಈಗ ವಿಮಾನದ ಹಾಗೆ ಕೇಳ್ತದೆ ಕಣ್ರೀ" ಅಂತ ಹೆಂಡತಿಯೇ ಒಪ್ಪಿದಳು.

ಆದರೆ ಡಬ್ಬದ ಮೇಲಿನ 2.4 ಕೆಜಿ ತಳ್ಳುವ ಬಲ? ಭಾವನ ಅಂಗಳದಲ್ಲಿ ಅಡಿಕೆ ತೂಗುವ ಡಿಜಿಟಲ್ ತಕ್ಕಡಿ ಇದೆ. ಅದರ ಮೇಲೆ ಮರದ ಚೌಕಟ್ಟು ಇಟ್ಟು, ಗಾಳಿ ಆಕಾಶಕ್ಕೆ ಹೋಗುವಂತೆ ಫ್ಯಾನ್ ಬಿಗಿದೆ. ಕೆಳಗೆ ಗಾಳಿ ಎಳೆಯಲು ಒಂದಡಿ ಜಾಗ ಬಿಟ್ಟು, ತಕ್ಕಡಿಯನ್ನು ಸೊನ್ನೆ ಮಾಡಿ, 6 ಸೆಲ್ಲಿನ ತುಂಬು ಬ್ಯಾಟರಿ ಕೊಟ್ಟೆ. 2.1 ಕೆಜಿ ತೋರಿಸಿತು, ಕರೆಂಟ್ 66 ಆಂಪಿಯರ್. ಅಷ್ಟರಲ್ಲಿ ಅಡಿಕೆ ಸಿಪ್ಪೆಯ ಚೂರೊಂದು ಒಳಗೆ ಹೋಗಿ ಒಂದು ಬ್ಲೇಡಿನ ತುದಿ ಮುಕ್ಕಾಯಿತು. ಇದು ನನ್ನದೇ ತಪ್ಪು, ಗುಡಿಸಿಕೊಳ್ಳಬೇಕಿತ್ತು. ಎದುರು ಬ್ಲೇಡಿನ ತುದಿಯನ್ನೂ ಅಷ್ಟೇ ಉಜ್ಜಿ ತೂಕ ಸರಿ ಮಾಡಿದೆ.

ವಿಮಾನದೊಳಗೆ ಕೂರಿಸಿ, ಬಾಲಕ್ಕೆ ಹುಕ್ ತಕ್ಕಡಿ ಕಟ್ಟಿ ನೋಡಿದರೆ 1.5 ಕೆಜಿ! ಎದೆ ಧಸಕ್ಕಂತು. ವಿಮಾನದ ತೂಕವೇ 1.7 ಇತ್ತು. ಯೋಚಿಸಿ ನೋಡಿದರೆ ತಪ್ಪು ಫ್ಯಾನಿನದ್ದಲ್ಲ. ಮಿಗ್‌ನ ಮೂತಿಯ ನಡುವೆ ಶಂಕುವಿನ ಹಾಗೆ ಒಂದು ಕೋನ್ ಇದೆ. ಅಳತೆಗೆ ಸರಿಯಾಗಿ ಮಾಡಿದರೆ ಸುತ್ತ ಉಳಿಯುವ ಸಂದಿ ಫ್ಯಾನಿಗೆ ಸಾಲದು. ಹೊಟ್ಟೆಯ ಅಡಿಯಲ್ಲಿ, ನಿಂತು ನೋಡುವವರಿಗೆ ಕಾಣದ ಹಾಗೆ, ಎರಡು ಕಳ್ಳ ಕಿಂಡಿ ಕೊರೆದೆ. ಹಿಂದೆ ಪಾರದರ್ಶಕ ಪ್ಲಾಸ್ಟಿಕ್ಕಿನ ಓಎಚ್‌ಪಿ ಶೀಟ್ ಸುತ್ತಿ, ಕೊಳವೆಯನ್ನು 70ರಿಂದ 58 ಎಂಎಂಗೆ ಮೆಲ್ಲಗೆ ಸಣ್ಣ ಮಾಡಿದೆ. ಹಿಂದಿನ ಬಾಯಿ ಅಗಲ ಬಿಟ್ಟರೆ ಗಾಳಿ ವೇಗ ಕಳೆದುಕೊಳ್ಳುತ್ತದೆ, ತೀರಾ ಕಿರಿದು ಮಾಡಿದರೆ ಮೋಟಾರ್ ಬಿಸಿಯಾಗುತ್ತದೆ. ಮತ್ತೆ ತೂಗಿದರೆ 1.85. ಫ್ಯಾನ್ ಬದಲಿಸದೆ, ಒಂದು ಭಾನುವಾರದ ಕೆಲಸಕ್ಕೆ 350 ಗ್ರಾಂ ಲಾಭ. ಡಬ್ಬದಲ್ಲಿ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ತೂಕ 2 ಕೆಜಿ ದಾಟಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. 2021ರ ಡ್ರೋನ್ ನಿಯಮದಲ್ಲಿ ಅದರೊಳಗಿದ್ದು ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ.

ವಿಮಾನವನ್ನು ಕೈಯಿಂದ ಎಸೆದು ಹಾರಲು ಬಿಡುವವನು ಭಾವ. ಪ್ರೊಪೆಲ್ಲರ್ ವಿಮಾನವಾದರೆ ಫ್ಯಾನಿನ ಗಾಳಿ ರೆಕ್ಕೆ, ಬಾಲದ ಮೇಲೆ ಬೀಸಿ ಕೂಡಲೇ ಹತೋಟಿ ಸಿಗುತ್ತದೆ. ಇದರಲ್ಲಿ ಗಾಳಿಯೆಲ್ಲ ಕೊಳವೆಯೊಳಗೆ. ವೇಗ ಬರುವವರೆಗೆ ಮೊದಲ ಎರಡು ಸೆಕೆಂಡ್ ದೇವರ ಮೇಲೆ ಭಾರ. "ಮಾರಾಯ, ಇದು ಕಲ್ಲು ಎಸೆದ ಹಾಗೇ ಆಯ್ತಲ್ಲ" ಅಂದ ಭಾವ, ಆಮೇಲೆ ಅದು ತೋಟದ ಮೇಲೆ ತಿರುಗಿ ಬಂದಾಗ ಬಾಯಿ ಬಿಟ್ಟುಕೊಂಡು ನಿಂತ. 4000 ಎಂಎಎಚ್ ಬ್ಯಾಟರಿಗೆ ನಾಲ್ಕು ನಿಮಿಷ ಟೈಮರ್ ಇಡುತ್ತೇನೆ. ಅದಕ್ಕಿಂತ ಆಸೆ ಪಡಬೇಡಿ.

ನನ್ನ ದೊಡ್ಡ ದೂರು ಕನೆಕ್ಟರ್ ಬಗ್ಗೆ. ಆರನೇ ಹಾರಾಟದಲ್ಲಿ ಸದ್ದು ಒಮ್ಮೆಲೇ ನಿಂತಿತು. ಕಂಟ್ರೋಲ್ ಇತ್ತು, ಎಳೆತ ಇಲ್ಲ. ತ್ರಿಕೋನ ರೆಕ್ಕೆಯ ವಿಮಾನ ತೇಲುವುದಿಲ್ಲ, ಇಳಿಯುತ್ತದೆ ಅಷ್ಟೇ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಸಿಕ್ಕಿತು, ಮೂತಿ ಜಜ್ಜಿಹೋಗಿತ್ತು. ಬಿಚ್ಚಿ ನೋಡಿದರೆ ಮೋಟಾರಿನ ಮೂರು ವೈರಿನಲ್ಲಿ ಒಂದು ಕನೆಕ್ಟರಿನಿಂದ ಹಾಗೇ ಜಾರಿ ಬಂತು. ಒಳಗೆ ಬೆಸುಗೆ ಹಿಡಿದೇ ಇರಲಿಲ್ಲ, ಮೇಲೆ ತವರದ ಹೊಳಪು ಮಾತ್ರ. ಫೋಟೋ ಕಳಿಸಿದರೆ ಮಾರಿದವರು "ಬಿದ್ದ ಮೇಲೆ ಬಂದ ದೂರು ತಗೊಳ್ಳಲ್ಲ" ಅಂದರು. ಬೀಳಿಸಿದ್ದೇ ಅದು ಅಲ್ವಾ? ಮೂರನ್ನೂ ನಾನೇ ಮತ್ತೆ ಬೆಸುಗೆ ಹಾಕಿದೆ. ಆಮೇಲಿನ 16 ಹಾರಾಟದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ.

ಬಿಡಿ ಭಾಗದ ಕಥೆಯೂ ಅಷ್ಟೇ. ಮುಕ್ಕಾದ ಬ್ಲೇಡಿಗೆ ರೋಟರ್ ಮಾತ್ರ ಕೇಳಿದರೆ ಸಿಗುವುದಿಲ್ಲ, ಇಡೀ ಫ್ಯಾನೇ ಕೊಳ್ಳಬೇಕಂತೆ.

ಆದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬೆಸುಗೆ ಕಬ್ಬಿಣ ಹಿಡಿಯಲು ಬಾರದವರಿಗೆ ಎರಡೂವರೆ. ಮಳೆ ಶುರುವಾಗುವ ಮುಂಚೆ ಫ್ಯಾನ್ ಬಿಚ್ಚಿ, ಬೇರಿಂಗಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಎತ್ತಿಡಬೇಕು. ಮಗಳು ತೇಜಸ್ ನಕ್ಷೆಯನ್ನು ಆಗಲೇ ಅಂಗಡಿಯ ಗೋಡೆಗೆ ಅಂಟಿಸಿದ್ದಾಳೆ.