ಸೆಕೆಂಡ್ ಹ್ಯಾಂಡ್ ಲೇಸರ್ ದೋಣಿ: ಕಾರವಾರದಲ್ಲಿ ನಾಲ್ಕು ಚಳಿಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಲೇಸರ್, ಅಂದರೆ ಒಬ್ಬರೇ ಓಡಿಸುವ ಸಣ್ಣ ಹಾಯಿದೋಣಿ, ಕೊಳ್ಳಲು ಹೋಗುವವರು ಜೊತೆಗೆ ಒಂದು ಕೊಡ ನೀರು ಒಯ್ಯಿರಿ. ಮಾಸ್ಟ್ (ಹಾಯಿಕಂಬ) ನಿಲ್ಲಿಸುವ ತೂತಿನ ತುಂಬ ನೀರು ಹೊಯ್ದು, ಚಹಾ ಕುಡಿದು ಬನ್ನಿ. ನೀರು ಇದ್ದಷ್ಟೇ ಇದ್ದರೆ ಮಾತ್ರ ರೇಟು ಮಾತಾಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

2021ರ ನವೆಂಬರಿನಲ್ಲಿ ಗೋವಾದ ಒಬ್ಬರಿಂದ ಕೊಂಡೆ. ಟ್ರಾಲಿ, ರೇಡಿಯಲ್ ಅನ್ನುವ ಚಿಕ್ಕ ಅಳತೆಯ ಹಾಯಿ ಎಲ್ಲ ಸೇರಿ 1 ಲಕ್ಷ 10 ಸಾವಿರ ರೂಪಾಯಿ. ಹೈಸ್ಕೂಲ್ ಮಾಸ್ತರನಿಗೆ ಇದು ಸಣ್ಣ ದುಡ್ಡಲ್ಲ, ಹೊಸ ಬೈಕಿಗೆಂದು ಎತ್ತಿಟ್ಟದ್ದು. ಅದೇ ವರ್ಷ ನಮ್ಮ ದೇಶದ ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಲೇಸರ್ ರೇಡಿಯಲ್ ಓಡಿಸಿದ್ದನ್ನು ನೋಡಿ ಮನೆಯಲ್ಲಿ ಎಲ್ಲರಿಗೂ ಹುಚ್ಚು ಹಿಡಿದಿತ್ತು. ಲೇಸರ್ ರೇಡಿಯಲ್ ಹೆಸರು ಈಗ ಇಲ್ಕಾ 6. ನಮ್ಮಲ್ಲಿ ಇನ್ನೂ ಎಲ್ಲರೂ ಲೇಸರ್ ಅಂತಲೇ ಕರೆಯುತ್ತಾರೆ. ನನ್ನ ತೂಕ 62 ಕೆ.ಜಿ. ನನ್ನಂಥವರಿಗೆ 5.76 ಚದರ ಮೀಟರಿನ ಈ ಹಾಯಿಯೇ ಸರಿ. 7.06ರ ದೊಡ್ಡ ಹಾಯಿ ಹಾಕಿದರೆ ನಮ್ಮ ಮಧ್ಯಾಹ್ನದ ಗಾಳಿಗೆ ದೋಣಿ ನನ್ನ ಮಾತು ಕೇಳುವುದಿಲ್ಲ.

ಇಲ್ಲಿ ಚಳಿಗಾಲವೇ ನಮ್ಮ ಸೀಸನ್. ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣನೆಯ ಮೂಡಗಾಳಿ ಬರುತ್ತದೆ. ಅದು ಒಂದೇ ಸಮ ಬೀಸುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಸತ್ತೇ ಹೋಗುತ್ತದೆ. ಆಮೇಲೆ ಸಮುದ್ರ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಇರುತ್ತದೆ. ಹನ್ನೆರಡು ದಾಟಿದ ಮೇಲೆ ದೂರದಲ್ಲಿ ನೀರಿನ ಬಣ್ಣ ಕಪ್ಪಾಗುತ್ತಾ ಬರುತ್ತದಲ್ಲಾ, ಅದು ವಾಯವ್ಯದ ಗಾಳಿ. ನಾವು ಆರೇಳು ಜನ ಭಾನುವಾರ ಮೂರೂವರೆಗೆ ಟ್ಯಾಗೋರ್ ಬೀಚಿನ ಎದುರು ಸೇರುತ್ತೇವೆ. ದೇವಗಡ ದ್ವೀಪದ ದೀಪಸ್ತಂಭದ ದಿಕ್ಕಿಗೆ ಸುತ್ತಿ ಬರಲು ಒಂದು ಕಿತ್ತಳೆ ಬೋಯಾ (ನೀರಲ್ಲಿ ತೇಲುವ ಗುರುತು), ಕಾಳಿ ನದಿಯ ಬಾಯಿಯ ಕಡೆ ಇನ್ನೊಂದು. ರೇಸ್ ಶುರುವಾಗಲು 5 ನಿಮಿಷ ಇರುವಾಗ ಒಂದು ಸೀಟಿ, 4 ಇರುವಾಗ ಒಂದು, 1 ಇರುವಾಗ ಒಂದು, ಆಮೇಲೆ ಸ್ಟಾರ್ಟ್. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಇಳಿತದ ನೀರು ಕಾಳಿಯಿಂದ ಜೋರಾಗಿ ಹೊರಬರುತ್ತದೆ. ಗಾಳಿ ಅದಕ್ಕೆ ಎದುರು ಬೀಸಿದಾಗ ಆ ಬೋಯಾದ ಹತ್ತಿರ ಗಿಡ್ಡ, ನೆಟ್ಟಗಿನ ಅಲೆಗಳು ಏಳುತ್ತವೆ. ನನ್ನ ರೇಸ್ ಹಾಳಾಗುತ್ತಿದ್ದದ್ದು ಅಲ್ಲೇ.

ಅಲ್ಲಿ ನನ್ನ ದೋಣಿಯ ಮೂತಿ ನೀರೊಳಗೆ ಹೊಕ್ಕುಬಿಡುತ್ತಿತ್ತು. ಗಾಳಿ ಹಿಂದಿನಿಂದ ಇದ್ದಾಗಲಂತೂ ಬೇರೆಯವರು ಅಲೆ ಏರಿ ಜಾರಿ ಹೋಗುವರು, ನನ್ನದು ಮಾತ್ರ ಗರ್ಭಿಣಿ ಎಮ್ಮೆಯ ಹಾಗೆ. ದಡಕ್ಕೆ ಬಂದು ಹಿಂದಿನ ಬಿರಡೆ ತೆಗೆದು, ಮೂತಿ ಎತ್ತಿ ಹಿಡಿದರೆ ಹೊಟ್ಟೆಯಿಂದ ನೀರು ಸುರಿಯುತ್ತಿತ್ತು. ಮಗಳು ಮನೆಯ ಸ್ಟೀಲ್ ಚೊಂಬು ಹಿಡಿದು ಅಳೆಯುತ್ತಿದ್ದಳು. ಲೀಟರಿನ ಚೊಂಬು. "ಹನ್ನೊಂದು… ಹನ್ನೆರಡು… ಅಪ್ಪಾ, ಇನ್ನೂ ಬರ್ತಾ ಇದೆ!" ದೋಣಿಯ ತೂಕವೇ 59 ಕೆ.ಜಿ. ಅದರೊಳಗೆ ಹನ್ನೆರಡು ಕೆ.ಜಿ. ನೀರು ಅತ್ತಿತ್ತ ಓಡಾಡಿದರೆ ರೇಸ್ ಎಲ್ಲಿಂದ ಗೆಲ್ಲುವುದು?

ಮಾರಿದವರ ಮೇಲೆ ಸಿಟ್ಟು ಬಂತು. ಎರಡು ಸಲ ಫೋನ್ ಮಾಡಿ ಖಾರವಾಗಿಯೇ ಮಾತಾಡಿದೆ. ಬಿರಡೆಯ ವಾಷರ್ ಬದಲಿಸಿದೆ. ಕಾಲಿನ ಹತ್ತಿರ ನೀರು ಎಳೆಯುವ ಬೇಲರ್ ಬಿಚ್ಚಿ ಸಿಲಿಕೋನ್ ಹಚ್ಚಿದೆ. ಡೆಕ್ಕಿನ ಒಂದೊಂದು ಸ್ಕ್ರೂ ಬಿಗಿ ಮಾಡಿದೆ. ಚೊಂಬಿನ ಲೆಕ್ಕ ಮಾತ್ರ ಪ್ರತಿ ವರ್ಷ ಜಾಸ್ತಿಯೇ ಆಯಿತು. ಮೂರನೇ ಚಳಿಗಾಲದ ಕೊನೆಗೆ ದೋಣಿ ಮಾರಿಬಿಡೋಣ ಅಂತ ಹೆಂಡತಿಗೆ ಹೇಳಿಯೂ ಆಗಿತ್ತು.

2024ರ ನವೆಂಬರಿನಲ್ಲಿ ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲಿನಲ್ಲಿ ಮೀನುಗಾರರ ಫೈಬರ್ ದೋಣಿ ರಿಪೇರಿ ಮಾಡುವ ಒಬ್ಬರನ್ನು ಕರೆದುಕೊಂಡು ಬಂದೆ. ಅವರು ಲೇಸರ್ ನೋಡಿದ್ದೇ ಮೊದಲ ಸಲ. ಬೇಲರ್ ಕಡೆ ತಿರುಗಿಯೂ ನೋಡಲಿಲ್ಲ. ಮಾಸ್ಟಿನ ತೂತಿಗೆ ಬಟ್ಟೆ ಸುತ್ತಿದ ಕೋಲು ಇಳಿಸಿ, ತಳ ಸವರಿ, ಹೊರಗೆ ತೆಗೆದರು. ಬಟ್ಟೆಯ ತುದಿಯಲ್ಲಿ ಬಿಳಿ ಪುಡಿ, ಅದರ ಜೊತೆ ಮರಳು. "ಮಾಸ್ತರ್ರೇ, ಇದು ಒಡೆದದ್ದಲ್ಲ, ಸವೆದದ್ದು. ನೀವೇ ಟಾರ್ಚ್ ಹಾಕಿ ನೋಡಿ."

ಹಾಕಿ ನೋಡಿದೆ. ತಳದಲ್ಲಿ ಕಣ್ಣಿಗೆ ಕಾಣುವಷ್ಟು ಬಿರುಕು. ಲೇಸರಿನ ಹಾಯಿ ಮಾಸ್ಟಿಗೆ ತೋಳಿನ ಹಾಗೆ ತೊಡಿಸುವಂಥದ್ದು. ಪ್ರತಿ ಸಲ ದೋಣಿ ತಿರುಗಿಸಿದಾಗ ಮಾಸ್ಟ್ ಕೂಡ ಆ ತೂತಿನಲ್ಲಿ ತಿರುಗುತ್ತದೆ, ಒರಳಿನಲ್ಲಿ ಗುಂಡು ತಿರುಗಿದ ಹಾಗೆ. ನಾನು ಮಾಸ್ಟನ್ನು ಬೀಚಿನ ಮರಳಿನ ಮೇಲೆ ಮಲಗಿಸಿ, ಹಾಯಿ ತೊಡಿಸಿ, ಹಾಗೆಯೇ ಎತ್ತಿ ನಿಲ್ಲಿಸುತ್ತಿದ್ದೆ. ಅಂಟಿದ ಮರಳು ತಳಕ್ಕೆ ಇಳಿದು ಮೂರು ವರ್ಷ ಫೈಬರನ್ನು ಅರೆದಿದೆ. ತೂತಿಗೆ ಬಿದ್ದ ಅಲೆಯ ನೀರು ಆ ಬಿರುಕಿನಿಂದ ಹೊಟ್ಟೆಗೆ ಇಳಿಯುತ್ತಿತ್ತು. ಕೊಂಡಾಗಲೇ ಒಂದಿಷ್ಟು ಸವೆದಿರಬಹುದು, ಮೊದಲ ವಾರದಿಂದಲೇ ನೀರು ಬರುತ್ತಿತ್ತು. ಆದರೆ ಜಾಸ್ತಿ ಸವೆಸಿದ್ದು ನಾನೇ. ಅವತ್ತೇ ಸಂಜೆ ಗೋವಾಕ್ಕೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಡೆಕ್ಕಿನಲ್ಲಿ ಮುಚ್ಚಳ ಇರುವ ಕಿಂಡಿ ಕೊರೆದು, ಒಳಗಿನಿಂದ ಫೈಬರ್ ಮ್ಯಾಟ್ ಮತ್ತು ಇಪಾಕ್ಸಿ ಹಾಕಿ ಎರಡು ದಿನದಲ್ಲಿ ಸರಿ ಮಾಡಿಕೊಟ್ಟರು. 4,500 ರೂಪಾಯಿ. ರಾತ್ರಿ ತೂತಿನ ತುಂಬ ನೀರು ಹೊಯ್ದು ಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಅಂಚಿನವರೆಗೆ ಹಾಗೇ ಇತ್ತು. ಮೇಲೆ ಗಾಳಿಮರದ ಒಂದು ಸೂಜಿಯೆಲೆ ತೇಲುತ್ತಿತ್ತು.

ಈಗ ಮಾಸ್ಟ್ ಮರಳು ಮುಟ್ಟುವುದೇ ಇಲ್ಲ. ಎರಡು ಹಳೇ ಟೈರಿನ ಮೇಲೆ ಮಲಗಿಸುತ್ತೇನೆ. ಎತ್ತುವ ಮುಂಚೆ ಬುಡಕ್ಕೆ ಒಂದು ಚೊಂಬು ಸಿಹಿನೀರು, ತೂತಿಗೆ ಒದ್ದೆ ಬಟ್ಟೆ. ಮಗಳು ಬೆರಳಿನಿಂದ ಬುಡ ಸವರಿ "ಮರಳಿಲ್ಲ" ಎಂದ ಮೇಲೆಯೇ ನಿಲ್ಲಿಸುವುದು. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಡಿಸೆಂಬರಿನ ಒಂದು ಭಾನುವಾರ ಕಾಳಿಯ ಬಾಯಿಯ ಬೋಯಾ ಸುತ್ತಿದ ಮೇಲೆ ದೋಣಿ ಮೊದಲ ಸಲ ಅಲೆಯ ಮೇಲೆ ಎದ್ದು ಓಡಿತು. ಚುಕ್ಕಾಣಿಯ ಕಟ್ಟಿಗೆ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು, ಹಿಂದೆ ನೀರು ಸುಯ್ ಅನ್ನುತ್ತಿತ್ತು. ಇದೇ ದೋಣಿಯನ್ನು ಮಾರಲು ಹೊರಟಿದ್ದೆನಲ್ಲಾ ಅನ್ನಿಸಿ ಕಣ್ಣು ತುಂಬಿತು. ಅವತ್ತು ಮೂರನೆಯವನಾಗಿ ಬಂದೆ. ಬಿರಡೆ ತೆಗೆದರೆ ಅರ್ಧ ಚೊಂಬೂ ಬರಲಿಲ್ಲ.

ಹಗ್ಗ, ಚುಕ್ಕಾಣಿ, ಬೂಮ್ (ಹಾಯಿಯ ಕೆಳಗಿನ ಅಡ್ಡ ಕಂಬ) ಬಗ್ಗೆ ಯಾವ ತಕರಾರೂ ಇಲ್ಲ. ಹಾಯಿ ಮಾತ್ರ ಹಿಂದಿನ ಅಂಚಿನಲ್ಲಿ ಎಳೆದು ಸಡಿಲವಾಗಿದೆ, ಗಾಳಿಗೆ ಎದುರು ಹೋಗುವಾಗ ಪಟಪಟ ಅನ್ನುತ್ತದೆ. ಹೊಸದಕ್ಕೆ ಈ ವರ್ಷ ದುಡ್ಡಿಲ್ಲ. ಗೋವಾ, ಮಂಗಳೂರು ಕಡೆ ಯಾರ ಹತ್ತಿರವಾದರೂ ಹೆಚ್ಚು ಬಳಸದ ರೇಡಿಯಲ್ ಹಾಯಿ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.