ಆಟಿಗೆ ಸೊಳೆ ಉಳಿಸುವುದು: ಉಪ್ಪು, ಬಿಸಿಲು, ಫ್ರೀಜರ್, ಕೆಎಂಎಸ್

ಬೆಳೆದ ಹಲಸಿನಕಾಯಿ ಕೈಗೆ ಸಿಗುವುದು ಬೇಸಗೆಯಲ್ಲಿ. ಸೊಳೆ ಬೇಕಾಗುವುದು ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಜಡಿಮಳೆಗೆ ಹಿತ್ತಿಲ ತರಕಾರಿ ಕೊಳೆತು ಹೋದ ಮೇಲೆ. ನಡುವಿನ ತಿಂಗಳುಗಳಲ್ಲಿ ಸೊಳೆಯನ್ನು ಬ್ಯಾಕ್ಟೀರಿಯಾ ಮತ್ತು ಬೂಸ್ಟಿನ ಬಾಯಿಂದ ತಪ್ಪಿಸಬೇಕು, ಅಷ್ಟೇ ಕೆಲಸ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಇದಕ್ಕೆ ಮೊದಲಿಂದಲೂ ಒಂದೇ ಉತ್ತರ, ಉಪ್ಪುಸೊಳೆ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಅದಾದ ಮೇಲೆ ಹಲಸಿನ ಮೇಳ, ತರಬೇತಿ ಅಂತ ಹೋದವರೆಲ್ಲ ಹೊಸ ಹೊಸ ದಾರಿ ಹೇಳತೊಡಗಿದರು. ಒಣಗಿಸಿ, ಫ್ರೀಜರಿಗೆ ಹಾಕಿ, ಕೆಎಂಎಸ್ ಎಂಬ ರಾಸಾಯನಿಕ ಹಾಕಿ ಅಂತ. ಸರಿ, ಒಂದೇ ಮರದ ಬಕ್ಕೆ (ಗಟ್ಟಿ ಸೊಳೆಯ) ಕಾಯಿಯಿಂದ ಈ ನಾಲ್ಕೂ ಬಗೆಯಲ್ಲಿ ಮಾಡಿ, ಮಳೆಗಾಲ ಕಳೆಸಿ ನೋಡಿದೆ.

ಮೊದಲು ಉಪ್ಪು. ಸೊಳೆ ಬಿಡಿಸಿ, ಬೇಳೆ (ಬೀಜ) ತೆಗೆದು, ಸೀಳಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಹರಳುಪ್ಪು. ನಾನು ಸೊಳೆಯ ತೂಕದ ಐದರಲ್ಲೊಂದು ಪಾಲು ಉಪ್ಪು ಹಾಕುತ್ತೇನೆ. ನೀರು ಒಂದು ತೊಟ್ಟೂ ಬೇಡ. ಮರುದಿನ ನೋಡಿದರೆ ಸೊಳೆಯೇ ನೀರು ಬಿಟ್ಟು ಕುಗ್ಗಿ ಕೂತಿರುತ್ತದೆ. ಉಪ್ಪು ಹೇಗೆ ಸೊಳೆಯಿಂದ ನೀರು ಎಳೆಯಿತೋ, ಬ್ಯಾಕ್ಟೀರಿಯಾದ ಒಳಗಿನ ನೀರನ್ನೂ ಹಾಗೆಯೇ ಎಳೆಯುತ್ತದೆ. ಜೀವಿಗಳಿಗೆ ಬಳಸಲು ಸಿಗುವ ನೀರನ್ನು ಅಳೆಯುವ ಒಂದು ಲೆಕ್ಕ ಇದೆ. ಶುದ್ಧ ನೀರಿಗೆ 1. ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಸುಮಾರು 0.91ಕ್ಕಿಂತ ಕೆಳಗೆ ಬೆಳೆಯಲು ಆಗುವುದಿಲ್ಲ. ಇನ್ನು ಕರಗಲಾರದಷ್ಟು ಉಪ್ಪು ಹಾಕಿದ ನೀರು 0.75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಭರಣಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

"ಉಪ್ಪಿಗೆ ಕೈ ಬಿಗಿ ಹಿಡಿಯಬೇಡ" ಅಂತ ನಮ್ಮ ಅತ್ತೆ ಹೇಳುವುದು ಇದಕ್ಕೇ. ಬಿಪಿಗೆ ಹೆದರಿ ಉಪ್ಪು ಕಡಿಮೆ ಹಾಕಿದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪಿಗೂ ಜಗ್ಗದ ಈಸ್ಟ್, ಬೂಸ್ಟು ಅದು. ಗಾಳಿ ತಾಗುವ ಕಡೆ ಮಾತ್ರ ಬೆಳೆಯುತ್ತದೆ. ಸೊಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಅನ್ನು ಈ ಪೊರೆಯಲ್ಲಿರುವವು ಕರಗಿಸಿಬಿಡುತ್ತವೆ. ಆಮೇಲೆ ಕೈ ಹಾಕಿದರೆ ಸೊಳೆ ಲೊಳಲೊಳ. ಅದಕ್ಕೇ ಮೇಲೆ ಬಾಳೆ ಎಲೆ, ಅದರ ಮೇಲೆ ತೊಳೆದ ಕಲ್ಲು. ಸೊಳೆ ಉಪ್ಪುನೀರಿನ ಅಡಿಯಲ್ಲೇ ಇರಬೇಕು. ತೆಗೆಯುವಾಗ ಕೈ ಒಣಗಿರಬೇಕು. ಹನಿ ನೀರು ಬಿದ್ದರೆ ಅಲ್ಲಿ ಉಪ್ಪು ತೆಳುವಾಗುತ್ತದೆ, ಪೊರೆ ಅಲ್ಲಿಂದಲೇ ಶುರು.

ಖರ್ಚು? ಉಪ್ಪಿನದ್ದು ಮಾತ್ರ. ಕರೆಂಟು ಬೇಡ, ಬಿಸಿಲು ಬೇಡ. ಕೊರತೆ ಇರುವುದು ಅಡುಗೆ ಹೊತ್ತಿಗೆ. ರಾತ್ರಿ ನೀರಿನಲ್ಲಿ ಹಾಕಬೇಕು, ನೀರು ಬದಲಿಸಬೇಕು, ಹಿಂಡಬೇಕು. ಉಪ್ಪಿನ ಜೊತೆ ನೀರಿನಲ್ಲಿ ಕರಗುವ ವಿಟಮಿನ್ನುಗಳೂ ಹೋಗುತ್ತವೆ. ಬಿಪಿ ಇರುವವರು ಎಷ್ಟು ತೊಳೆದರೂ ಮಿತಿಯಲ್ಲೇ ತಿನ್ನಬೇಕು. ಆದರೆ ಉಪ್ಪುಸೊಳೆ ಉಂಡ್ಲಕಾಳಿನ (ಕರಿದ ಸಣ್ಣ ಉಂಡೆಗಳ) ಆ ಕರುಕುರು ಬೇರೆ ಯಾವ ಸೊಳೆಯಲ್ಲೂ ಬರಲಿಲ್ಲ. ಇದರಲ್ಲಿ ನನ್ನದು ಪಕ್ಷಪಾತ ಅನ್ನಿ, ಪರವಾಗಿಲ್ಲ.

ಒಣಗಿಸುವುದಕ್ಕೆ ಬರುತ್ತೇನೆ. ತತ್ವ ಉಪ್ಪಿನದ್ದೇ, ನೀರು ಸಿಗದ ಹಾಗೆ ಮಾಡುವುದು. ಉಪ್ಪು ನೀರನ್ನು ಕಟ್ಟಿಹಾಕುತ್ತದೆ, ಬಿಸಿಲು ಹೊರಗೇ ಓಡಿಸುತ್ತದೆ. ಸೊಳೆಯನ್ನು ಮೊದಲು ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದೆ. ಮೇಲಿನ ಸೂಕ್ಷ್ಮಜೀವಿಗಳು ಬಹುಪಾಲು ಸಾಯುತ್ತವೆ, ಸೊಳೆ ಕಪ್ಪಾಗಿಸುವ ಕಿಣ್ವಗಳೂ ನಿಲ್ಲುತ್ತವೆ. ಆಮೇಲೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಸೋಲಾರಿನಲ್ಲಿ ಹರಡಿದೆ. ಏಪ್ರಿಲ್ ಬಿಸಿಲಿಗೆ ಏನು ಕೊರತೆ! ಮುರಿದರೆ ಟಪ್ ಅನ್ನಬೇಕು. ಬಾಗಿದರೆ ಇನ್ನೂ ನೀರಿದೆ ಅಂತ ಲೆಕ್ಕ.

ತೊಂದರೆ ಶುರುವಾಗುವುದು ಜೂನ್ ನಂತರ. ನಮ್ಮ ಮಳೆಗಾಲದ ಗಾಳಿಯೇ ಒದ್ದೆ. ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಒಣ ಸೊಳೆ ಆ ತೇವ ಹೀರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯದ 0.75, 0.80ರಲ್ಲೂ ಬೂಸ್ಟು ಆರಾಮವಾಗಿ ಬೆಳೆಯುತ್ತದೆ. ದೊಡ್ಡ ಡಬ್ಬಿಯಲ್ಲಿ ಇಟ್ಟದ್ದು ಪ್ರತಿ ಸಲ ತೆರೆದಾಗಲೂ ಮೆತ್ತಗಾಗುತ್ತಾ ಬಂದು, ಕೊನೆಗೆ ತಳದಲ್ಲಿ ಹಸಿರು ಚುಕ್ಕಿ ಕಾಣಿಸಿತು. ಒಂದೊಂದು ಅಡುಗೆಗೆ ಆಗುವಷ್ಟು ಸಣ್ಣ ಪ್ಯಾಕೆಟ್ ಮಾಡಿ ಸೀಲ್ ಹಾಕಿಟ್ಟದ್ದು ಚೆನ್ನಾಗಿ ಉಳಿಯಿತು. ಬೂಸ್ಟು ಬಂದದ್ದನ್ನು ಒರೆಸಿ ಬಿಸಿಲಿಗೆ ಇಡುವವರಿದ್ದಾರೆ, ದಯವಿಟ್ಟು ಬೇಡ. ಕೆಲವು ಬೂಸ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಪೂರ್ತಿ ಹೋಗುವುದಿಲ್ಲ, ಹುರಿದರೂ ಅಷ್ಟೇ. ಗೊಬ್ಬರದ ಗುಂಡಿಯೇ ಗತಿ.

ರುಚಿಯಲ್ಲಿ ಒಣ ಸೊಳೆ ಪಲ್ಯಕ್ಕೆ ಸಾಧಾರಣ. ನೆನೆಸಿದರೆ ರಬ್ಬರಿನ ಹಾಗೆ ಜಗಿಯುತ್ತದೆ. ಹುಡಿ ಮಾಡಿ ರೊಟ್ಟಿಗೆ ಸೇರಿಸಲು ಮಾತ್ರ ತುಂಬಾ ಒಳ್ಳೆಯದು. ಜಾಗವೂ ಉಳಿಯುತ್ತದೆ. ದೂರದ ಊರಲ್ಲಿರುವ ಮಕ್ಕಳಿಗೆ ಕಳಿಸಲು ಇದಕ್ಕಿಂತ ಸುಲಭದ್ದಿಲ್ಲ.

ಫ್ರೀಜರಿನಿಂದ ತೆಗೆದ ಸೊಳೆಯ ಪಲ್ಯ ತಿಂದು ಮನೆಯವರು "ಈಗೆಲ್ಲಿಂದ ಕಾಯಿ ಸಿಕ್ಕಿತು?" ಅಂತ ಕೇಳಿದರು. ರುಚಿಯಲ್ಲಿ ತಾಜಾ ಸೊಳೆಗೆ ತೀರಾ ಹತ್ತಿರ, ಇದನ್ನು ಒಪ್ಪಲೇಬೇಕು. ಸ್ವಲ್ಪ ಮೆತ್ತಗೆ, ಯಾಕೆಂದರೆ ಒಳಗಿನ ನೀರು ಮಂಜುಗಡ್ಡೆಯಾಗುವಾಗ ಹರಳುಗಳು ಜೀವಕೋಶಗಳನ್ನು ಒಡೆಯುತ್ತವೆ. ಇಲ್ಲೂ ಮೊದಲು ಕುದಿನೀರಿನಲ್ಲಿ ಅದ್ದಬೇಕು. ಹಸಿಯಾಗಿಯೇ ಇಟ್ಟರೆ ಆ ಚಳಿಯಲ್ಲೂ ಕಿಣ್ವಗಳು ಮೆಲ್ಲಗೆ ಕೆಲಸ ಮಾಡಿ ಬಣ್ಣ, ವಾಸನೆ ಕೆಡಿಸುತ್ತವೆ.

ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಆದರೆ ಹೆಚ್ಚಿನವು ಸಾಯುವುದೂ ಇಲ್ಲ, ಸುಮ್ನೆ ಕಾಯುತ್ತಾ ಕೂತಿರುತ್ತವೆ. ಕರಗಿತೋ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರು. ಬಾಗಿಲು ತೆರೆಯದೆ ಇಟ್ಟರೆ, ತುಂಬಿದ ಫ್ರೀಜರು ಕರೆಂಟಿಲ್ಲದೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ. ಇದು ದೊಡ್ಡ ಡೀಪ್ ಫ್ರೀಜರಿನ ಮಾತು. ಫ್ರಿಜ್ಜಿನ ಮೇಲಿನ ಸಣ್ಣ ಕೋಣೆಗೆ ಅಷ್ಟು ತ್ರಾಣ ಎಲ್ಲಿದೆ? ಮರ ಬಿದ್ದು ಲೈನು ಹೋದರೆ ನಮ್ಮ ಗುಡ್ಡದ ಬದಿಗೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಹಾಗಾಗಿ ಫ್ರೀಜರಿಗೆ ನಾನು ಹಾಕುವುದು ನೆಂಟರು ಬಂದಾಗ ಬೇಕಾಗುವ ನಾಲ್ಕೈದು ಪೊಟ್ಟಣ ಮಾತ್ರ.

ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ತೆಳು ಉಪ್ಪುನೀರಿಗೆ ಸಿಟ್ರಿಕ್ ಆಮ್ಲ ಹಾಕಿ, ಜೊತೆಗೆ ಇದನ್ನು ಚೂರು ಸೇರಿಸುವುದು. ಹುಳಿಯ ಜೊತೆ ಸೇರಿದಾಗ ಇದರಿಂದ ಗಂಧಕದ ಡೈಆಕ್ಸೈಡ್ ಬರುತ್ತದೆ, ಬೂಸ್ಟು, ಬ್ಯಾಕ್ಟೀರಿಯಾ ಎರಡನ್ನೂ ತಡೆಯುವುದು ಅದೇ. ಹುಳಿ ಸಾಲದಿದ್ದರೆ ಕೆಎಂಎಸ್ ಹಾಕಿಯೂ ವ್ಯರ್ಥ. ಸೊಳೆಯ ಬಣ್ಣ ಮಾತ್ರ ಮಲ್ಲಿಗೆ ಬಿಳಿ! ಮುಚ್ಚಳ ತೆರೆದರೆ ಬೆಂಕಿಕಡ್ಡಿ ಗೀರಿದ ಘಾಟು. ಚೆನ್ನಾಗಿ ತೊಳೆದು ಮುಚ್ಚದೆ ಕುದಿಸಿದರೆ ಹೆಚ್ಚಿನದು ಹೋಗುತ್ತದೆ. ಆದರೆ ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ, ಉಬ್ಬಸ ಕೆರಳಬಹುದು. ಗ್ರಾಮಿಗೂ ಕಡಿಮೆ ತೂಗುವ ತಕ್ಕಡಿ ಬೇಕು, ಚಮಚದ ಅಂದಾಜು ನಡೆಯುವುದಿಲ್ಲ. ಮಾರಲು ಮಾಡುವವರಿಗೆ ಸರಿ. ಮನೆ ಖರ್ಚಿಗೆ ಇಷ್ಟೆಲ್ಲ ಯಾಕೆ ಅನ್ನಿಸಿತು.

ಇನ್ನೊಂದನ್ನು ನಾನು ಮಾಡಿ ನೋಡಲೇ ಇಲ್ಲ, ನೋಡುವುದೂ ಇಲ್ಲ. ಸೊಳೆ ಬೇಯಿಸಿ, ಬಿಸಿಬಿಸಿಯಾಗಿ ಬಾಟಲಿಗೆ ತುಂಬಿ, ಗಾಳಿ ಆಡದಂತೆ ಮುಚ್ಚಿ ಕಪಾಟಿನಲ್ಲಿಡುವುದು. ಕುದಿನೀರಿನ 100 ಡಿಗ್ರಿಗೆ ಮಾಮೂಲಿ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಬೊಟುಲಿಸಂ ಎಂಬ ಜೀವಕ್ಕೇ ಎರವಾಗಬಲ್ಲ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಕಗಳು ಬದುಕುತ್ತವೆ. ಗಾಳಿ ಇಲ್ಲದ, ಹುಳಿಯೂ ಇಲ್ಲದ ಬಾಟಲಿ ಅವಕ್ಕೆ ಹೇಳಿ ಮಾಡಿಸಿದ ಜಾಗ. ಹುಳಿ ಅಳೆಯುವ ಪಿಎಚ್ 4.6ಕ್ಕಿಂತ ಕೆಳಗಿದ್ದರೆ (ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು) ಅವು ಬೆಳೆಯುವುದಿಲ್ಲ, ಆದರೆ ಹಸಿ ಸೊಳೆಯಲ್ಲಿ ಅಷ್ಟು ಹುಳಿ ಎಲ್ಲಿದೆ? ಕಾರ್ಖಾನೆಯ ರಿಟಾರ್ಟ್ ಪೊಟ್ಟಣಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿಯ ಆಸುಪಾಸಿಗೆ ಕಾಯಿಸುವುದು ಇದಕ್ಕೇ. ಮನೆಯ ಕುಕ್ಕರಿನಲ್ಲಿ ಬಾಟಲಿಯ ನಡುವಿನವರೆಗೆ ಆ ಬಿಸಿ ಮುಟ್ಟಿತೋ ಇಲ್ಲವೋ, ಎಷ್ಟು ಹೊತ್ತು ನಿಂತಿತು, ತಿಳಿಯುವುದು ಹೇಗೆ? ಕೆಟ್ಟದ್ದು ವಾಸನೆಯಲ್ಲೋ ಬಣ್ಣದಲ್ಲೋ ಗೊತ್ತಾಗಲೇಬೇಕು ಅಂತಲೂ ಇಲ್ಲ. ಯಾರಾದರೂ ಪ್ರೀತಿಯಿಂದ ಅಂಥ ಬಾಟಲಿ ತಂದುಕೊಟ್ಟರೆ ನಾನು ನಗುತ್ತಲೇ ಬೇಡ ಅನ್ನುತ್ತೇನೆ.