ಶಂಶಾಬಾದ್‌ನಲ್ಲಿ ಸೈ, ಬೀದರ್‌ನಲ್ಲಿ ಕೈಕೊಡುವ ವಿಮಾನ ಆ್ಯಪ್

ನಾನು ಬೀದರ್‌ನಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಗಿರಾಕಿಗಳನ್ನು ಕರೆತರಲು ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟ್‌ಗೂ ನಮ್ಮೂರ ಏರ್‌ಪೋರ್ಟ್‌ಗೂ ಹೋಗುತ್ತಿರುತ್ತೇನೆ. ವಿಮಾನ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಆ್ಯಪ್ ಒಂದಕ್ಕೆ ದುಡ್ಡು ಕಟ್ಟಿ ಬಳಸುತ್ತಿದ್ದೇನೆ.

ಶಂಶಾಬಾದ್ ಮಟ್ಟಿಗೆ ಪೂರ್ತಿ ಅಂಕ. ವಿಮಾನ ಇಳಿಯಲು ತಿರುಗಿದ್ದು, ರನ್‌ವೇ ಮುಟ್ಟಿದ್ದು, ನಿಲ್ಲುವ ಜಾಗಕ್ಕೆ ಬಂದಿದ್ದು ಎಲ್ಲವೂ ಕಾಣುತ್ತದೆ. ಅದನ್ನು ನೋಡಿಕೊಂಡೇ ಪಾರ್ಕಿಂಗ್‌ನಿಂದ ಗಾಡಿ ತೆಗೆಯುತ್ತೇನೆ.

ಬೀದರ್‌ನ ಕಥೆ ಬೇರೆ. ಬೆಂಗಳೂರಿನಿಂದ ಬರುವ ವಿಮಾನ ಎತ್ತರದಲ್ಲಿರುವಷ್ಟು ಹೊತ್ತು ಚೆನ್ನಾಗಿ ಕಾಣುತ್ತದೆ, ಕೆಳಗಿಳಿಯುತ್ತಿದ್ದಂತೆ ನಕ್ಷೆಯಲ್ಲಿ ಅದರ ಹಾದಿಯ ಗೆರೆ ತುಂಡಾಗುತ್ತದೆ. ಆಮೇಲೆ ಆ್ಯಪ್ ಬರೀ ಅಂದಾಜಿನ ಮೇಲೆ ಚಿತ್ರವನ್ನು ಮುಂದೆ ತಳ್ಳುತ್ತದೆ. ಒಂದು ಮಧ್ಯಾಹ್ನ ವಿಮಾನ ಇನ್ನೂ ಮೇಲೆ ಸುತ್ತು ಹಾಕುತ್ತಿರುವಾಗಲೇ ‘ಇಳಿದಿದೆ’ ಎಂದು ತೋರಿಸಿತು. ಗಿರಾಕಿಯ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು. ‘ಇಳಿದಿದ್ರೆ ಮಗನ ಫೋನ್ ಯಾಕೆ ಹತ್ತವಲ್ದು?’ ಎಂದು ಅವರು ಪಟ್ಟ ಗಾಬರಿ ನನಗಿನ್ನೂ ನೆನಪಿದೆ.

ಇಲ್ಲಿನ ರನ್‌ವೇ ವಾಯುಪಡೆಯದು. ಹಾಗಾಗಿ ‘ಮಿಲಿಟರಿಯವರೇ ಸಿಗ್ನಲ್ ಕಟ್ ಮಾಡ್ತಾರ’ ಎಂಬ ಮಾತು ನಮ್ಮ ಸ್ಟ್ಯಾಂಡಿನಲ್ಲಿ ಬಹಳ ಓಡುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಪ್ರಯಾಣಿಕರ ವಿಮಾನ ತಾನೇ ಎಡಿಎಸ್‌-ಬಿ ಎಂಬ ಸಂಕೇತದಲ್ಲಿ, 1090 ಮೆಗಾಹರ್ಟ್ಸ್‌ನಲ್ಲಿ, ತಾನಿರುವ ಜಾಗವನ್ನು ಸಾರುತ್ತಾ ಹೋಗುತ್ತದೆ. ಅದನ್ನು ಹಿಡಿಯುವವು ಹೆಚ್ಚಾಗಿ ಹವ್ಯಾಸಿಗಳು ಮನೆ ಮೇಲೆ ಇಟ್ಟ ಸಣ್ಣ ರಿಸೀವರ್‌ಗಳು. ಸಂಕೇತ ನೇರ ಸಾಗುತ್ತದೆ, ಭೂಮಿಯ ಉಬ್ಬು ದಾಟುವುದಿಲ್ಲ. 35,000 ಅಡಿ ಎತ್ತರದ ವಿಮಾನವನ್ನು ಸಮತಟ್ಟಾದ ಜಾಗದ ರಿಸೀವರ್ ಸುಮಾರು 400 ಕಿ.ಮೀ. ದೂರದಿಂದಲೂ ಹಿಡಿಯಬಹುದು. ಅದೇ ನೆಲದಿಂದ 2,000 ಅಡಿಗೆ ಇಳಿದರೆ ಸುಮಾರು 100 ಕಿ.ಮೀ. ಅಷ್ಟೇ. ಹೈದರಾಬಾದ್ ನಮಗೆ ಅದಕ್ಕಿಂತ ದೂರ. ಹತ್ತಿರ ರಿಸೀವರ್ ಇಲ್ಲದಿದ್ದರೆ ಯಾರೂ ಕಟ್ ಮಾಡದೆಯೂ ಗೆರೆ ನಿಲ್ಲುತ್ತದೆ. ವಾಯುನೆಲೆಯ ಪಕ್ಕದಲ್ಲಿ ಆಂಟೆನಾ ನಿಲ್ಲಿಸಲು ಯಾರು ತಾನೇ ಮುಂದೆ ಬಂದಾರು?

ವಾಯುಪಡೆಯ ಹಾಕ್ ತರಬೇತಿ ಜೆಟ್‌ಗಳ ಮಾತು ಬೇರೆಯೇ. 2008ರಿಂದ ಪೈಲಟ್‌ಗಳು ಅವುಗಳಲ್ಲಿ ಇಲ್ಲಿ ತರಬೇತಿ ಪಡೆಯುತ್ತಿದ್ದಾರೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡವೂ ಇಲ್ಲಿನದೇ. ಕಿಟಕಿ ಗಾಜು ನಡುಗುವಂತೆ ತಲೆ ಮೇಲೆ ಹೋಗುತ್ತವೆ, ಫೋನಿನಲ್ಲಿ ಮಾತ್ರ ಆಕಾಶ ಖಾಲಿ. ಸೇನೆಯ ವಿಮಾನ ತಾನಿರುವ ಜಾಗವನ್ನು ಊರಿಗೆಲ್ಲ ಸಾರಬೇಕಿಲ್ಲ. ಈ ಖಾಲಿ ಹಾಗೇ ಇರಲಿ. ಅದನ್ನು ತುಂಬುತ್ತೇನೆಂದು ಕಂಡದ್ದನ್ನೆಲ್ಲ ವಿಡಿಯೊ ಮಾಡಿ ಹಾಕುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಅಮೃತಸರ, ಜಮ್ಮು ಕಡೆಯ ತೊಂದರೆ ಮೂರನೆಯ ಬಗೆಯದು. ಅಲ್ಲಿ ಜಿಪಿಎಸ್‌ಗೇ ಅಡ್ಡಿ. ಎಡಿಎಸ್‌-ಬಿ ಸಾರುವ ಜಾಗದ ಲೆಕ್ಕ ಬರುವುದೇ ಜಿಪಿಎಸ್‌ನಂಥ ಉಪಗ್ರಹ ಸಂಕೇತದಿಂದ, ಹಾಗಾಗಿ ವಿಮಾನ ನಕ್ಷೆಯಲ್ಲಿ ಇದ್ದಕ್ಕಿದ್ದಂತೆ ಮಾಯವಾಗಬಹುದು, ಇಲ್ಲದ ಕಡೆ ಹಾರಬಹುದು. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿಭಾಗದಲ್ಲಿ ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಕರಣ ಆಗಿವೆಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಆ ಕಡೆ ಡ್ಯೂಟಿಯಲ್ಲಿ ಮಕ್ಕಳಿರುವ ಮನೆಯವರು ಗೆರೆ ತುಂಡಾಯಿತೆಂದು ಎದೆ ಒಡೆದುಕೊಳ್ಳಬೇಡಿ.

ಆ್ಯಪ್ ಮಾಡಿದವರಲ್ಲಿ ನನ್ನ ತಕರಾರು ಒಂದೇ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನಿ. ‘ಇಲ್ಲಿ ರಿಸೀವರ್ ಇಲ್ಲ’, ‘ಕೊನೆಯ ಸಂಕೇತ ಬಂದು 9 ನಿಮಿಷವಾಯಿತು’ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿ. ಅಂದಾಜಿನ ವಿಮಾನಕ್ಕೂ ನಿಜದ ವಿಮಾನಕ್ಕೂ ಒಂದೇ ಹಳದಿ ಬಣ್ಣ ಬೇಡ.

ಐದಕ್ಕೆ ಮೂರೂವರೆ. ಶಂಶಾಬಾದ್‌ಗೆ ಹೋಗಿಬರುವವರು ದುಡ್ಡು ಕೊಡಬಹುದು. ಬೀದರ್‌ನಲ್ಲಿ ಕಾಯುವವರಿಗೆ ಉಚಿತ ಆವೃತ್ತಿ ಸಾಕು. ಕೊನೆಯ ಸಂಕೇತದ ಹೊತ್ತನ್ನೂ ಎತ್ತರವನ್ನೂ ನೋಡಿಕೊಳ್ಳಿ, ಇಳಿಯಿತೋ ಇಲ್ಲವೋ ಎಂಬುದನ್ನು ಟರ್ಮಿನಲ್‌ನಲ್ಲಿ ಕೇಳಿ.